ಊರಿನ ಕೋಳಿಯ ರೆಕ್ಕೆ

ನನಗೆ ಕೋಪ ಮೂಗಿನ ತುದಿಯಲ್ಲೇ ಉಂಟು, ಇಲ್ಲ ಅನ್ನುವುದಿಲ್ಲ. ಸಿದ್ಧಕಟ್ಟೆಯಲ್ಲಿ ನಮ್ಮ ಕೋಳಿ ಅಂಗಡಿ. ಕೊಯ್ಯುವುದು ನನ್ನ ತಮ್ಮ ಅಬ್ದುಲ್ ಸಲಾಂ. ಚರ್ಮ ಸುಲಿದು ತುಂಡು ಮಾಡುವುದು ನಾನು, ಜುಲೈಕಾ. ದಿನಕ್ಕೆ ಎಂಬತ್ತು ಕೋಳಿಯ ಕೀಲು ಮುರಿಯುವ ಕೈ ಇದು ಮಾರಾಯ್ರೆ. ಮಾತಿಗಿಂತ ಮೊದಲು ಕೈಯೇ ಹೋಗ್ತದೆ.

ಮಗಳು ಶಬ್ನಾ ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಎರಡು ಸಾವಿರದ ಆರನೇ ಇಸವಿ ಅದು. ಈಗ ಮದುವೆ ಮನೆಯಲ್ಲಿ ತಲೆಯ ಮೇಲೆ ಗುಂಯ್ ಅನ್ನುತ್ತದಲ್ಲ ಡ್ರೋನ್, ಅಂಥದ್ದೇ ಆಳಿಲ್ಲದ ಪುಟ್ಟ ವಿಮಾನ ಅವಳ ಪ್ರಾಜೆಕ್ಟ್. ನೆರೆ ಬಂದಾಗ ಬಂಟ್ವಾಳದ ಮೇಲೆ ಹಾರಿಸಿ ಎಲ್ಲಿ ಯಾರು ಸಿಕ್ಕಿಬಿದ್ದಿದ್ದಾರೆ ಎಂದು ನೋಡಬಹುದಂತೆ. ಆದರೆ ಮರಕ್ಕೋ ಗೋಡೆಗೋ ತಾಗಿದರೆ ರೆಕ್ಕೆ ಲಟಕ್ಕನೆ ಮುರಿಯುತ್ತಿತ್ತು. ಎರಡು ವಿಮಾನ ಹಾಗೇ ಹೋದವು. ಮೂರನೆಯದೂ ಮುರಿದರೆ ಫೇಲು, ಒಂದು ವರ್ಷ ಮಣ್ಣುಪಾಲು ಎಂದು ಅಂಗಡಿಗೆ ಬಂದು ಅತ್ತಳು.

ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಗಷ್ಟೇ ಕೊಯ್ದ ಊರಿನ ಹುಂಜ ಮರದ ಕೊರಡಿನ ಮೇಲಿತ್ತು, ಮೈ ಇನ್ನೂ ಬಿಸಿ. ರೆಕ್ಕೆಯನ್ನು ಬುಡದಿಂದ ಕಡಿದು, ಗರಿ ಸಮೇತ ಅವಳ ಕೈಗೆ ತುರುಕಿದೆ. ರೆಕ್ಕೆಯ ಮೊಣಕೈ ಎಳೆ ಎಂದೆ. ಎಳೆದಳು, ಮುಟ್ಟದೇ ಇದ್ದ ಮಣಿಕಟ್ಟೂ ತಾನಾಗಿ ಬಿಚ್ಚಿಕೊಂಡಿತು. ತುದಿಗೆ ಒಂದು ಪೆಟ್ಟು ಕೊಡು ಎಂದೆ. ಎರಡೂ ಕೀಲು ಒಟ್ಟಿಗೆ ಮಡಚಿದವು. ನಡುವಿನ ಎರಡು ಎಲುಬು ಒಂದರ ಪಕ್ಕ ಒಂದು ಜಾರುತ್ತವೆ, ಅದಕ್ಕೇ ಹಾಗೆ. ಇಪ್ಪತ್ತು ವರ್ಷದಿಂದ ನನಗೆ ಗೊತ್ತಿದ್ದ ವಿಷಯ, ಯಾರೂ ಕೇಳಿರಲಿಲ್ಲ.

ಹದಿನೈದು ದಿನ ಅಂಗಡಿ ರಣರಂಗ. ಸಲಾಂ ಕೊಯ್ಯುವುದು, ನಾನು ರೆಕ್ಕೆ ಕಡಿಯುವುದು, ಅವಳು ನೆತ್ತರಿನ ಕೈಯಲ್ಲೇ ಎಲುಬು ಅಳೆಯುವುದು. ಬ್ರಾಯ್ಲರ್ ಕೋಳಿ ಮುಟ್ಟಬೇಡ, ಅದು ಹಾರಿದ್ದನ್ನು ಯಾರು ಕಂಡಿದ್ದಾರೆ ಎಂದು ಬೈದೆ. ಕೊನೆಗೆ ಕೊಡೆಯ ಕಡ್ಡಿಯಲ್ಲಿ ಎಲುಬು, ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ನರ ಮಾಡಿ, ಪೆಟ್ಟು ಬಿದ್ದರೆ ಮುರಿಯದೆ ಮಡಚುವ ರೆಕ್ಕೆ ಕಟ್ಟಿದಳು.

ಪರೀಕ್ಷೆ ತೋಡಾರಿನ ಒಂದು ಮೈದಾನದಲ್ಲಿ. ಬರುವುದು ಬೇಡ ಅಂದಿದ್ದಳು, ಆದರೂ ಹೋಗಿ ಹಿಂದೆ ನಿಂತೆ. ವಿಮಾನ ಹಾರಿತು, ತೆಂಗಿನ ಮರಕ್ಕೆ ಹೊಡೆಯಿತು, ರೆಕ್ಕೆ ಮಡಚಿ ಬಿಚ್ಚಿಕೊಂಡು ಹುಲ್ಲಿನ ಮೇಲೆ ಇಳಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮುಖ ಸೊಟ್ಟ ಮಾಡಿದರು. ಒಂದು ಸಲ ಉಳಿದದ್ದು ಅದೃಷ್ಟವೂ ಇರಬಹುದು ಅಂದರು. ಆಮೇಲೆ, ಈ ಕೀಲು ಎಲ್ಲಿ ಕಲಿತದ್ದು ಎಂದು ಕೇಳಿದರು.

ಶಬ್ನಾ ನನ್ನನ್ನು ನೋಡಿದಳು. ನನ್ನ ಬಟ್ಟೆಗೆ ಎಷ್ಟು ತೊಳೆದರೂ ಹೋಗದ ಅಂಗಡಿಯ ವಾಸನೆ ಉಂಟು. ನೋಡಿಯೂ ನೋಡದ ಹಾಗೆ ತಿರುಗಿ, ಇಂಟರ್‌ನೆಟ್‌ನಲ್ಲಿ ಓದಿದ್ದು ಸಾರ್ ಎಂದಳು. ಆ ಹೆಂಗಸು ಯಾರು ಎಂದು ಅವರು ಕೇಳಿದ್ದಕ್ಕೆ, ಯಾರೋ ಊರಿನವರು, ನೋಡಲಿಕ್ಕೆ ಬಂದಿದ್ದಾರೆ ಎಂದಳು.

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ನಾನು ಯಾರೋ ಅಂತೆ. ನೆತ್ತಿಗೆ ಬೆಂಕಿ ಹತ್ತಿತು. ಮುಂದೆ ನುಗ್ಗಿದೆ, ಕೈಗೆ ಸಿಕ್ಕಿದ್ದು ಹುಲ್ಲಿನ ಮೇಲಿದ್ದ ಅದೇ ವಿಮಾನ. ಬಾಲ ಹಿಡಿದು ಬೀಸಿದೆ. ಅವಳ ಭುಜಕ್ಕೆ ಎರಡು, ಬೆನ್ನಿಗೊಂದು, ಮುಖಕ್ಕೊಂದು. ಕಡ್ಡಿಯ ತುದಿ ಅವಳ ಹುಬ್ಬು ಸೀಳಿತು. ಇಬ್ಬರು ಓಡಿಬಂದು ಕೈ ತಿರುಚಿ ಹಿಡಿಯದಿದ್ದರೆ ನಾನು ನಿಲ್ಲಿಸುತ್ತಿರಲಿಲ್ಲ.

ಶಬ್ನಾ ಅಳಲಿಲ್ಲ. ನೆತ್ತರು ಕೆನ್ನೆಗೆ ಇಳಿಯುತ್ತಿತ್ತು. ನೆಲಕ್ಕೆ ಬಿದ್ದ ವಿಮಾನ ಎತ್ತಿ, ಬಿಚ್ಚಿಕೊಂಡೇ ಇದ್ದ ಎರಡೂ ರೆಕ್ಕೆಯನ್ನು ಪರೀಕ್ಷಕರ ಮುಂದೆ ಹಿಡಿದಳು.

“ಬರೆದುಕೊಳ್ಳಿ ಸಾರ್. ಇವರು ನನ್ನ ಉಮ್ಮ. ರೆಕ್ಕೆ ಕಲಿಸಿದ್ದು ಇವರೇ. ಈಗ ನಾಲ್ಕು ಸಲ ಹೊಡೆದಿದ್ದಾರೆ. ರೆಕ್ಕೆ ಮುರಿಯಲಿಲ್ಲ.”

ಅವರು ನಿಜವಾಗಿಯೂ ಬರೆದುಕೊಂಡರು. ಪಾಸಾದಳು ಎಂದು ಆ ಪೆನ್ನು ನೋಡಿಯೇ ನನಗೆ ಗೊತ್ತಾಯಿತು. ಹಿಡಿದವರು ಬಿಟ್ಟ ಮೇಲೆ, ನೆತ್ತರು ಒರೆಸುವ ಎಂದು ಹತ್ತಿರ ಹೋಗಿ ಕೈ ಎತ್ತಿದೆ. ನನ್ನ ಮಗಳು ಎರಡೂ ತೋಳಿನಿಂದ ಮುಖ ಮುಚ್ಚಿಕೊಂಡು ಕುಸಿದು ಕೂತಳು.