ಉಂಗುರದ ಕೊನೆಯ ಅಂಕಿ

ಮೂವತ್ತೆಂಟು ವರ್ಷ ಒಂದೇ ಪತ್ರಿಕೆಯ ಮುದ್ರಣಾಲಯದಲ್ಲಿ ಕರಡು ತಿದ್ದಿದ ಆ ಹಿರಿಯರನ್ನು ಐದು ವರ್ಷಗಳ ಹಿಂದೆ ಬೀಳ್ಕೊಡಲು ನೆರೆದವರ ಪೈಕಿ ಅರ್ಧಕ್ಕರ್ಧ ಮಂದಿಗೆ ಅವರ ನಿಜವಾದ ಹೆಸರೇ ತಿಳಿದಿರಲಿಲ್ಲ. ಕರಡಪ್ಪನೆಂಬ ಅಡ್ಡಹೆಸರು ಅಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು. ಅವರಿಗೂ ಅದರಿಂದ ಬೇಸರವಿರಲಿಲ್ಲ. ಅಕ್ಷರ ತಪ್ಪಿದರೆ ಓದುಗರು ಹೊಟ್ಟೆಗೆ ಹಾಕಿಕೊಂಡಾರು, ಅಂಕಿ ತಪ್ಪಿದರೆ ಹಾಕಿಕೊಳ್ಳಲಾರರು ಎಂಬುದು ಅವರ ನಂಬಿಕೆ. ತಮ್ಮ ಕೈ ದಾಟಿ ಒಂದೇ ಒಂದು ತಪ್ಪು ಅಂಕಿ ಅಚ್ಚಾಗಲಿಲ್ಲವೆಂಬುದು ಅವರ ಹೆಮ್ಮೆ. ಅಂಥವರು ಈಗ ಒಂದೇ ಒಂದು ಅಂಕಿಯ ಎದುರು ಒಂಬತ್ತು ದಿನಗಳಿಂದ ಸೋತು ಕುಳಿತಿದ್ದರು.

ಆ ಅಂಕಿ ಇದ್ದದ್ದು ಒಂದು ಕಡಲಕ್ಕಿಯ ಕಾಲಿನ ಉಂಗುರದಲ್ಲಿ.

ಅವರ ಅಣ್ಣ ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ರಜೆಯ ದಿನ ಬಂತೆಂದರೆ ಹಕ್ಕಿಮರಿಗಳ ಕಾಲಿಗೆ ಉಂಗುರ ತೊಡಿಸುವುದೇ ಅವನ ಹುಚ್ಚು. ಹಕ್ಕಿ ಗಣತಿಯ ಕಚೇರಿಯವರು ಅಂಕಿ ಕೆತ್ತಿದ ಪುಟ್ಟ ಉಕ್ಕಿನ ಉಂಗುರಗಳನ್ನು ಐವತ್ತರ ಪೊಟ್ಟಣದಲ್ಲಿ ಕಳಿಸುತ್ತಿದ್ದರು. ಮರಿಗೆ ತೊಡಿಸಿ, ಪುಸ್ತಕದಲ್ಲಿ ಬರೆದು, ಬಿಟ್ಟುಬಿಡುವುದು. ಎಂದಾದರೂ ಯಾರಾದರೂ ಆ ಅಂಕಿಯನ್ನು ಓದಿ ತಿಳಿಸಿದರೆ ಹಕ್ಕಿ ಬದುಕಿದೆಯೆಂದು ಗೊತ್ತಾಗುತ್ತದೆ, ಇಲ್ಲವಾದರೆ ಇಲ್ಲ. ಮದುವೆಯಾಗದೆ ಒಂಟಿಯಾಗಿ ಉಳಿದ ಕರಡಪ್ಪನವರಿಗೆ ಅಣ್ಣನ ಜೊತೆ ಹೋಗಿ ಆ ಪುಸ್ತಕ ಬರೆಯುವುದೇ ಭಾನುವಾರದ ಅರ್ಥವಾಗಿತ್ತು. ಅಣ್ಣ ಅಂಕಿಯನ್ನು ಕೂಗುವನು. ತಮ್ಮ ಬರೆದುಕೊಂಡು ತಿರುಗಿ ಓದಿ ಹೇಳುವನು. ನಮೂನೆ ತುಂಬುವಾಗ ಅಣ್ಣನದು ಒಂದೇ ಕಟ್ಟಪ್ಪಣೆ: "ಇಲ್ಲದ್ದಕ್ಕೆ ಗೆರೆ ಎಳಿ, ಕಾಣದ್ದಕ್ಕೆ ಚುಕ್ಕೆ ಇಡು. ಊಹೆ ಮಾಡಿ ಮಾತ್ರ ತುಂಬಬೇಡ."

ನಾಲ್ಕು ಬೇಸಿಗೆಗಳ ಹಿಂದೆ ಹೊಸ ಪೊಟ್ಟಣವೊಂದನ್ನು ಒಡೆದ ದಿನ ಅಣ್ಣನ ಕೈ ವಿಪರೀತ ನಡುಗುತ್ತಿತ್ತು. ಎರಡು ಮರಿಗಳಿಗೆ ಹೇಗೋ ತೊಡಿಸಿದ. ಮೂರನೆಯದನ್ನು ತಮ್ಮನತ್ತ ಚಾಚಿದ.

"ತಗೋ, ಇದಕ್ಕೆ ನೀನೇ ಹಾಕು. ನನ್ನ ಕೈ ಇವತ್ತು ನನ್ನ ಮಾತೇ ಕೇಳ್ತಿಲ್ಲ."

"ನನಗೆ ಬರಲ್ಲ ಕಣೋ ಅಣ್ಣ. ಕಾಲು ಮುರಿದುಬಿಟ್ರೆ?"

"ಮೂವತ್ತೆಂಟು ವರ್ಷ ಅಕ್ಷರದ ಕಾಲು ಮುರೀದೆ ಬಂದೋನು ಇದನ್ನ ಮುರೀತೀಯಾ? ಹಿಡ್ಕೋ ಗಟ್ಟಿಯಾಗಿ."

ಕರಡಪ್ಪನವರು ಉಸಿರು ಬಿಗಿಹಿಡಿದು ಉಂಗುರವನ್ನು ಒತ್ತಿದರು. ನಾಲ್ಕು, ಸೊನ್ನೆ, ಏಳು, ಒಂದು, ಒಂದು, ಮೂರು. ಅದೇ ಕೊನೆಯದಾಯಿತು. ಚಳಿಗಾಲ ಕಾಲಿಡುವ ಮೊದಲೇ ಅಣ್ಣ ತೀರಿಕೊಂಡ. ಪೊಟ್ಟಣದಲ್ಲಿ ಉಳಿದ ನಲವತ್ತೇಳು ಉಂಗುರಗಳನ್ನು, ಹದಿನಾಲ್ಕರಿಂದ ಅರವತ್ತರವರೆಗೆ ಒಂದೊಂದನ್ನೂ ಪಟ್ಟಿ ಮಾಡಿ, ಕರಡಪ್ಪನವರೇ ಕಚೇರಿಗೆ ಹಿಂದಿರುಗಿಸಿದರು. ಅತ್ತಿಗೆ ತನ್ನ ತಂಗಿಯ ಊರಿಗೆ ಹೋಗುವಾಗ ಅಣ್ಣನ ಕ್ಯಾಮೆರಾವನ್ನೂ ಅದರ ಲೆನ್ಸನ್ನೂ ಇವರ ಕೈಗಿತ್ತಳು. ಆ ಲೆನ್ಸಿನ ಕಪ್ಪು ಬಣ್ಣ ಒಂದು ಕಡೆ ಸವೆದು ಹಿತ್ತಾಳೆ ಕಾಣುತ್ತಿತ್ತು. ಅಣ್ಣನ ಎಡಗೈ ಹಿಡಿದು ಹಿಡಿದು ಸವೆಸಿದ ಜಾಗ ಅದು. ಕರಡಪ್ಪನವರು ಹಿಡಿದರೆ ಅವರ ಬೆರಳುಗಳೂ ಸರಿಯಾಗಿ ಅಲ್ಲಿಗೇ ಬಂದು ಕೂರುತ್ತಿದ್ದವು.

ಈಗ್ಗೆ ಒಂಬತ್ತು ದಿನಗಳ ಹಿಂದೆ, ಮುಂಜಾನೆಯ ತಿರುಗಾಟದಲ್ಲಿ, ಬಂದರಿನ ಮುರಿದ ಹಳೆಯ ದೋಣಿಕಟ್ಟೆಯಾಚೆ ನೀರಿನಲ್ಲಿ ನಿಂತ ಕಂಬಗಳ ಪೈಕಿ ಮೂರನೆಯದರ ಮೇಲೆ ಬೂದುಬೆನ್ನಿನ ಕಡಲಕ್ಕಿಯೊಂದು ಕುಳಿತಿತ್ತು. ಕಾಲಲ್ಲಿ ಉಕ್ಕು ಮಿನುಗಿತು. ಕಟ್ಟೆಗೆ ಸರಪಳಿ ಹಾಕಿ ಮುಚ್ಚಿದ್ದರು. ದೋಣಿಯಲ್ಲಿ ಹೋದರೆ ಹಕ್ಕಿ ಹಾರಿಹೋಗುವುದು. ಅಣ್ಣನ ಲೆನ್ಸಿನಲ್ಲಿ ಉಂಗುರ ಅಕ್ಕಿಕಾಳಿನಷ್ಟು ಕಂಡಿತೇ ಹೊರತು ಅಂಕಿ ಕಾಣಲಿಲ್ಲ. ಅಲ್ಲಿಂದ ನೇರವಾಗಿ ಕ್ಯಾಮೆರಾ ರಿಪೇರಿಯ ಅಂಗಡಿಗೆ ನಡೆದರು.

ಅಂಗಡಿ ನಡೆಸುವವಳು ಐವತ್ತರ ಹೆಂಗಸು. ಕಿವಿಯ ಮೇಲೆ ಸಣ್ಣ ತಿರುಪುಳಿ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಇವರ ಅಣ್ಣನ ಕಾಲದಿಂದಲೂ ಪರಿಚಯ. ಅವಳು ಗಾಜಿನ ಕಪಾಟಿನಿಂದ ಎರಡು ವಸ್ತುಗಳನ್ನು ತೆಗೆದಿಟ್ಟಳು. ಒಂದು ಅಂಗೈಯಲ್ಲಿ ಅಡಗುವಂಥದ್ದು, ಇನ್ನೊಂದು ತೊಡೆಯಷ್ಟು ದಪ್ಪ.

"ನೋಡಿ ಕರಡಪ್ಪನೋರೇ, ಈ ಚಿಕ್ಕದು ಟೆಲಿಕನ್ವರ್ಟರ್. ನಿಮ್ಮ ಲೆನ್ಸಿಗೂ ಕ್ಯಾಮೆರಾಗೂ ಮಧ್ಯೆ ಕೂತ್ಕೊಳ್ಳುತ್ತೆ. ದೂರದ್ದನ್ನ ಎರಡರಷ್ಟು ದೊಡ್ಡದು ಮಾಡಿ ತೋರಿಸುತ್ತೆ. ಜೇಬಲ್ಲಿ ಹಾಕ್ಕೊಂಡು ಹೋಗಬಹುದು."

"ಹಾಗಿದ್ಮೇಲೆ ಈ ಫಿರಂಗಿ ಯಾಕೆ ತೆಗೆದ್ರಿ?"

"ಮಧ್ಯೆ ಕೂತೋರು ಸುಮ್ನೆ ಕೂರ್ತಾರಾ? ಬೆಳಕಲ್ಲಿ ನಾಲ್ಕಕ್ಕೆ ಮೂರು ಪಾಲು ಅದೇ ನುಂಗಿಬಿಡುತ್ತೆ. ಅಂಚೂ ಸ್ವಲ್ಪ ಮೆತ್ತಗಾಗುತ್ತೆ. ಒಳ್ಳೆ ಬಿಸಿಲಿದ್ರೆ ಪರವಾಗಿಲ್ಲ. ನಿಮ್ಮ ಹಕ್ಕಿ ಎಷ್ಟೊತ್ತಿಗೆ ಬರುತ್ತೆ?"

"ಸೂರ್ಯ ಇನ್ನೂ ಗೋದಾಮಿನ ಹಿಂದೆ ಇರ್ತಾನೆ, ಆಗ ಬರುತ್ತೆ. ಕಂಬದ ಮೇಲೆ ಬಿಸಿಲು ಬೀಳೋಷ್ಟರಲ್ಲಿ ಹೊರಟುಹೋಗುತ್ತೆ."

"ಒಳ್ಳೆ ಹಕ್ಕಿ ಸಿಕ್ತು ನಿಮಗೆ! ಹಾಗಾದ್ರೆ ಈ ಟೆಲಿ ಲೆನ್ಸೇ ಸರಿ. ದೂರ ನೋಡೋಕೇ ಹುಟ್ಟಿದ್ದು ಇದು, ಬೆಳಕನ್ನ ಬಿಟ್ಟುಕೊಡಲ್ಲ. ಹೊಸದೇನಲ್ಲ, ಒಬ್ಬರು ಬಳಸಿದ್ದು. ನಿಮ್ಮ ಲೆನ್ಸ್ ಕೊಟ್ಟು ಮೇಲೊಂದಿಷ್ಟು ಸೇರಿಸಿದ್ರೆ ತಗೊಂಡು ಹೋಗಬಹುದು."

ಕರಡಪ್ಪನವರ ಕೈ ತನಗೆ ತಾನೇ ಹೆಗಲಚೀಲದ ಮೇಲೆ ಹೋಯಿತು. ಎರಡನ್ನೂ ಇಟ್ಟುಕೊಳ್ಳುವಂಥ ಪಿಂಚಣಿ ಅವರದಲ್ಲ. "ಇದನ್ನ ಕೊಡೋ ಮಾತೇ ಇಲ್ಲ," ಎಂದರು.

"ನಾನೇನು ಕಿತ್ಕೊಂಡೆನಾ? ಕನ್ವರ್ಟರ್ ಒಂದು ವಾರ ಇಟ್ಕೊಂಡು ನೋಡಿ. ಆಗದಿದ್ರೆ ತಂದುಕೊಡಿ."

ಆ ವಾರವೆಲ್ಲ ಅವರು ಮುಂಜಾನೆಯ ಥಂಡಿಯಲ್ಲಿ ಕಲ್ಲಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತರು. ಉಂಗುರದ ಅಂಕಿಗಳು ಕಾಲಿನ ಸುತ್ತ ಇರುವುದರಿಂದ ಒಮ್ಮೆಗೆ ಎರಡೋ ಮೂರೋ ಮಾತ್ರ ಕಾಣುತ್ತವೆ. ಹಕ್ಕಿ ತಾನಾಗಿ ತಿರುಗಬೇಕು, ಇವರು ಕಾಯಬೇಕು. ಮೊದಲ ದಿನ ನಾಲ್ಕು ಮತ್ತು ಸೊನ್ನೆ. ಮೂರನೆಯ ದಿನ ಏಳು. ಐದನೆಯ ದಿನ ಜೋಡಿ ಒಂದು. ಏಳನೆಯ ದಿನ ಕೊನೆಯ ಅಂಕಿ ಕ್ಯಾಮೆರಾಕ್ಕೆ ಸಿಕ್ಕಿತು. ಆದರೆ ಮಸುಕಾಗಿ, ಮಂಜಿನಾಚೆಯ ಮುಖದಂತೆ. ಅವರು ಅದನ್ನು ಮೂರು ಎಂದು ಓದಿದರು. ಮನೆಗೆ ಬಂದು, ಕೋಟನ್ನೂ ಬಿಚ್ಚದೆ, ಗಣತಿ ಕಚೇರಿಯ ನಮೂನೆಯಲ್ಲಿ ಶಾಯಿಯಿಂದ ಮೂರು ಎಂದೇ ಬರೆದರು. ಬರೆದ ಮೇಲೆ ಅಂಚೆಗೆ ಹಾಕಲು ಕೈ ಏಳಲಿಲ್ಲ.

ಕರಡು ತಿದ್ದುವವರ ರೋಗ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಕಾಗದದ ಮೇಲಿರುವುದನ್ನು ಓದುವುದಿಲ್ಲ. ಮನಸ್ಸು ಕಾಯುತ್ತಿರುವುದನ್ನು ಓದುತ್ತದೆ. ಅದಕ್ಕಾಗಿಯೇ ಮುದ್ರಣಾಲಯದಲ್ಲಿ ಅಂಕಿಗಳನ್ನು ಯಾರೂ ಒಬ್ಬರೇ ನೋಡುತ್ತಿರಲಿಲ್ಲ. ಒಬ್ಬ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನೋಡಬೇಕು. ಸಂಶಯ ಬಂದರೆ ಹಾಳೆಯನ್ನು ತಲೆಕೆಳಗು ಮಾಡಿ ಓದಬೇಕು. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಕುರ್ಚಿಯ ಆ ಮನೆಯಲ್ಲಿ ಗಟ್ಟಿಯಾಗಿ ಓದುವವರು ಯಾರಿದ್ದರು? ಅವರು ತಾವೇ ಒಮ್ಮೆ "ಮೂರು" ಎಂದು ದನಿಯೆತ್ತಿ ಹೇಳಿ ನೋಡಿದರು. ಗೋಡೆ ಒಪ್ಪಿಕೊಂಡಿತು. ಆ ದಿನ ಅವರ ಬಾಯಿಂದ ಹೊರಟ ಮೊದಲ ಮಾತು ಅದೇ ಎಂಬುದು ಆಮೇಲೆ ಹೊಳೆಯಿತು.

ಮರುದಿನ ಆ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಕ್ಯಾಮೆರಾ ಅಂಗಡಿಯ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟರು. ತಮಗೆ ಯಾವ ಅಂಕಿ ಬೇಕೆಂದು ಹೇಳಲಿಲ್ಲ.

"ಕೊನೇದು ಏನು, ಗಟ್ಟಿಯಾಗಿ ಓದಿ ಅಮ್ಮಾ."

ಅವಳು ಕನ್ನಡಕ ಏರಿಸಿದಳು. "ಎಂಟು." ಇವರ ಮುಖ ನೋಡಿದಳು. "ಇಲ್ಲ, ತಡೀರಿ. ಮೂರು ಇರಬಹುದು."

"ನನ್ನ ಮುಖ ನೋಡಿ ಓದಬೇಡಿ, ಕಾಗದ ನೋಡಿ ಓದಿ!"

"ಕಾಗದದಲ್ಲಿ ಏನಿದೆ ಅಂತ ಓದ್ಲಿ? ಎಂಟಕ್ಕಿರೋ ಎಡಗಡೆ ಗೀಟು ಇದೆಯೋ, ನೆರಳೋ, ದೇವರಿಗೇ ಗೊತ್ತು. ನಿಮಗ್ಯಾವುದು ಬೇಕೋ ಹೇಳಿಬಿಡಿ, ಅದನ್ನೇ ಓದ್ತೀನಿ."

ಕರಡಪ್ಪನವರಿಗೆ ನಗುವೂ ಬಂತು, ಸಿಟ್ಟೂ ಬಂತು. ಚಿತ್ರವನ್ನು ಮಡಿಸಿ ಜೇಬಿಗಿಟ್ಟರು. ಅಣ್ಣನ ಕಟ್ಟಪ್ಪಣೆಯಂತೆ ಚುಕ್ಕೆ ಇಟ್ಟು ಕಳಿಸಿಬಿಟ್ಟರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಅಣ್ಣನ ಲೆನ್ಸೂ ಉಳಿಯುವುದು, ಅದು ಅಣ್ಣನ ಹಕ್ಕಿಯೇ ಇರಬಹುದೆಂಬ ಆಸೆಯೂ ಉಳಿಯುವುದು. ಆದರೆ ಚುಕ್ಕೆ ಇಡುವುದು ಕಾಣದ್ದಕ್ಕೆ. ಕಾಣಬಹುದಾದದ್ದನ್ನು ಕಣ್ಣು ಮುಚ್ಚಿಕೊಂಡು ಕಾಣದಂತೆ ಮಾಡಿದ್ದಕ್ಕಲ್ಲ. ಎರಡು ದಿನ ಮೀನಮೇಷ ಎಣಿಸಿ, ಕೊನೆಗೆ ಅತ್ತಿಗೆಗೆ ಫೋನ್ ಮಾಡಿದರು.

"ಅತ್ತಿಗೆ, ಅಣ್ಣನ ಲೆನ್ಸ್ ಕೊಟ್ಟು ಬೇರೆ ತಗೊಳ್ಳೋಣ ಅಂತ. ನಿಮಗೇನಾದ್ರೂ..."

"ಅಯ್ಯೋ, ನನ್ನನ್ನೇನು ಕೇಳ್ತೀರಿ? ನಿಮ್ಮಣ್ಣ ಮಕ್ಕಳಿಗಿಂತ ಹೆಚ್ಚು ಹೊತ್ತು ಅದನ್ನೇ ಎತ್ತಿಕೊಂಡಿದ್ರು. ನನಗೆ ಅದು ಸವತಿ ಇದ್ದ ಹಾಗೆ. ಕೊಟ್ಟುಬಿಡಿ." ಆಮೇಲೆ ಕೇಳಿದಳು: "ಊಟ ಸರಿಯಾಗಿ ಮಾಡ್ತಿದ್ದೀರಾ?"

"ಹ್ಞೂಂ, ಮಾಡ್ತಿದ್ದೀನಿ."

"ಒಬ್ಬರೇ ಅಂತ ನಿಂತ್ಕೊಂಡು ತಿನ್ನಬೇಡಿ. ಕೂತು ತಿನ್ನಿ."

ಫೋನಿಟ್ಟ ಮೇಲೆ ಅವರು ತಟ್ಟೆ ಹಿಡಿದು ಕುರ್ಚಿಯಲ್ಲಿ ಕುಳಿತರು. ಅತ್ತಿಗೆಗೆ ಹೇಗೆ ತಿಳಿಯಿತೆಂದು ಅವರಿಗೆ ಅರ್ಥವಾಗಲಿಲ್ಲ.

ಲೆನ್ಸನ್ನು ಕೊಡುವಾಗ ಅಂಗಡಿಯವಳು ಸವೆದ ಹಿತ್ತಾಳೆಯನ್ನು ಬಟ್ಟೆಯಿಂದ ಒರೆಸಲು ಹೋದಳು. "ಅದೊಂದನ್ನ ಒರೆಸಬೇಡಿ," ಎಂದರು ಕರಡಪ್ಪನವರು. ಅವಳು ಬಟ್ಟೆಯನ್ನು ಕೆಳಗಿಟ್ಟಳು. ಕನ್ವರ್ಟರನ್ನೂ ಹಿಂದಿರುಗಿಸಿ, ಫಿರಂಗಿಯನ್ನು ಹೆಗಲಿಗೇರಿಸಿಕೊಂಡು ಹೊರಟರು. ದಾರಿಯಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಳ್ಳಬೇಕಾಯಿತು. ಹಿಡಿದರೆ ಬೆರಳುಗಳಿಗೆ ಗುರುತಿನ ಜಾಗವೇ ಸಿಗದ, ಎಲ್ಲೆಡೆ ಒಂದೇ ತೆರನಾದ ಕಪ್ಪು.

ಮರುದಿನ ಮುಂಜಾನೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅದನ್ನು ನಿಲ್ಲಿಸಿ ಕಾದರು. ಗೋದಾಮಿನ ಹಿಂದೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗುತ್ತಿರುವಾಗ ಹಕ್ಕಿ ಬಂದು ಮೂರನೆಯ ಕಂಬದ ಮೇಲೆ ಇಳಿಯಿತು. ಕರಡಪ್ಪನವರು ಕಣ್ಣಿಟ್ಟರು. ಅದರ ಕೊಕ್ಕಿನ ತುದಿಯ ಹನಿ ಕಂಡಿತು, ಕಾಲಿನ ಚರ್ಮದ ಸುಕ್ಕು ಕಂಡಿತು. ಹಕ್ಕಿ ಗರಿ ಕೆದರಿಕೊಂಡು ನಿಧಾನವಾಗಿ ತಿರುಗಿತು. ಒಂದು. ಒಂದು. ಎಂಟು.

ಬೇರೆ ಏನೂ ಆಗಿರಲು ಸಾಧ್ಯವಿರಲಿಲ್ಲ. ಎಡಗಡೆಯ ಎರಡು ಗೀಟುಗಳೂ ಅಚ್ಚಿನ ಮೊಳೆಯಂತೆ ಖಚಿತವಾಗಿದ್ದವು. ಅವರು ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟರು. "ಎಂಟು," ಎಂದು ಗಟ್ಟಿಯಾಗಿ ಓದಿದರು. ತಾವೇ "ಎಂಟು" ಎಂದು ತಿರುಗಿ ಹೇಳಿದರು.

ಅದು ಅವರು ತೊಡಿಸಿದ ಉಂಗುರವಲ್ಲ. ಅಣ್ಣ ತೊಡಿಸಿದ್ದೂ ಅಲ್ಲ. ಹದಿನೆಂಟು: ಅವರೇ ಪಟ್ಟಿ ಮಾಡಿ, ಹಗ್ಗ ಕಟ್ಟಿ, ಅಂಚೆಯಲ್ಲಿ ಹಿಂದಿರುಗಿಸಿದ ಪೊಟ್ಟಣದ ಐದನೆಯ ಉಂಗುರ. ಅಣ್ಣ ಬದುಕಿದ್ದರೆ ಅವನ ಕೈಯಿಂದಲೇ ಹೋಗಬೇಕಾಗಿದ್ದದ್ದು. ಬೇರೆ ಯಾರದೋ ಕೈಗೆ ಹೋಗಿ, ಬೇರೆ ಯಾವುದೋ ಗೂಡಿನ ಮರಿಯ ಕಾಲೇರಿ, ಇಲ್ಲಿಗೆ ಬಂದು ಕುಳಿತಿತ್ತು. ಅವರ ಮೂರು ಎಲ್ಲಿದೆಯೋ, ಇದೆಯೋ ಇಲ್ಲವೋ, ಯಾರಾದರೂ ಓದಿ ಹೇಳುವವರೆಗೆ ತಿಳಿಯುವಂತಿಲ್ಲ.

ಬಿಸಿಲು ಕಂಬಕ್ಕೆ ತಾಗುತ್ತಲೇ ಹಕ್ಕಿ ಹಾರಿತು.

ಮನೆಗೆ ಬಂದು, ಶಾಯಿಯಲ್ಲಿ ಮೂರು ಬರೆದಿದ್ದ ನಮೂನೆಯನ್ನು ಹರಿದು ಬುಟ್ಟಿಗೆ ಹಾಕಿದರು. ಹೊಸದೊಂದನ್ನು ತೆಗೆದು ಕುರ್ಚಿಯಲ್ಲಿ ನೆಟ್ಟಗೆ ಕುಳಿತು ತುಂಬತೊಡಗಿದರು. ಉಂಗುರದ ಸಂಖ್ಯೆ: ಆರೂ ಅಂಕಿ, ಕೊನೆಯದು ಎಂಟು. ಎಲ್ಲಾ ಅಂಕಿಗಳೂ ಖಚಿತವೇ: ಹೌದು. ಹಕ್ಕಿಗೆ ಗಾಯ: ಗೆರೆ. ಜೋಡಿ ಹಕ್ಕಿ: ಗೆರೆ. ಕೊನೆಯ ಖಾನೆ, ನೋಡಿದವರ ಜೊತೆಯಲ್ಲಿದ್ದವರು. ಮೂರು ವರ್ಷಗಳಿಂದ ಯಾವ ಕಾಗದದಲ್ಲಿ ಇಂಥ ಖಾನೆ ಬಂದರೂ ಅವರು ಯೋಚಿಸದೆ ಗೆರೆ ಎಳೆಯುತ್ತಿದ್ದರು. ಈ ಸಲ ಲೇಖನಿ ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರು ಅಲ್ಲಿ, ಸಣ್ಣದಾಗಿ, ತಿದ್ದುವವರ ಕೈಯ ಅಚ್ಚುಕಟ್ಟಿನಿಂದ, ಒಂದು ಚುಕ್ಕೆ ಇಟ್ಟರು.