ಗೋಡೆ ಮೇಲಿನ ಬಿಳಿ ಅಜ್ಜಿ

"ಯಾರಿದು?" ಎಂದಳು ಇಸಾಲ್ಟಿನಾ.

ಪಟಗಾರ ಗುಮರ್ಸಿಂದೊ ಕಂದು ಕಾಗದದ ಕೊನೆಯ ಮಡಿಕೆ ಬಿಡಿಸಿ, ಪಟವನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದಿದ್ದ. ಮೊಟ್ಟೆಯಾಕಾರದ ಚೌಕಟ್ಟು, ಉಬ್ಬಿದ ಗಾಜು. ಗಾಜಿನೊಳಗೆ ಗುಲಾಬಿ ಕೆನ್ನೆಯ, ತೆಳು ತುಟಿಯ ಹೆಂಗಸೊಬ್ಬಳು ನೀಲಿ ರೇಷ್ಮೆಯ ಉಡುಪು ತೊಟ್ಟು, ಅಲೆಅಲೆಯಾದ ಕೂದಲನ್ನು ಹೆಗಲ ಮೇಲೆ ಇಳಿಬಿಟ್ಟು ಕೂತಿದ್ದಳು. ಕೊರಳಲ್ಲಿ ಎರಡೆಳೆಯ ಮುತ್ತಿನ ಸರ.

"ಯಾರು ಅಂದ್ರೆ? ನಿಮ್ಮಮ್ಮ," ಎಂದ ಗುಮರ್ಸಿಂದೊ. "ಮುತ್ತಿನ ಸರ ನನ್ನ ಕಡೆಯಿಂದ. ಅದಕ್ಕೆ ಏನೂ ಕೇಳಲ್ಲ."

"ಇವಳು ನಮ್ಮಮ್ಮ ಅಲ್ಲ."

"ಮೊದಲು ಎಲ್ಲರೂ ಹಂಗೇ ಅಂತಾರೆ ತಾಯಿ. ಎರಡು ದಿನ ಗೋಡೆ ಮೇಲಿದ್ರೆ ರೂಢಿ ಆಗುತ್ತೆ."

ಇಸಾಲ್ಟಿನಾಳ ತಾಯಿ ಎರ್ಮೀನಿಯಾ ನದಿ ದಂಡೆಯ ಚುಟ್ಟದ ಕಾರ್ಖಾನೆಯಲ್ಲಿ ಎಲೆ ಸುತ್ತುತ್ತಿದ್ದವಳು. ಮಗಳಿಗೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಕಾಲಕ್ಕೇ ಜ್ವರ ಬಂದು ತೀರಿಕೊಂಡಳು. ಅವಳದೆಂದು ಉಳಿದದ್ದು ಒಂದೇ ಫೋಟೋ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಕಾರ್ಖಾನೆಯ ಬಾಗಿಲಲ್ಲಿ ಎಲ್ಲ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರದೇ ತೆಗೆದದ್ದು. ಅದನ್ನು ಇಸಾಲ್ಟಿನಾ ಸಂತ ಅಂತೋನಿಯ ಮೂರ್ತಿಯ ಹಿಂದೆ ಇಟ್ಟುಕೊಂಡಿದ್ದಳು. ಒಂದೊಂದು ಮಳೆಗಾಲಕ್ಕೂ ಅದರ ಮೇಲೆ ಹೊಸದಾಗಿ ಬಿಳಿ ಚುಕ್ಕೆ ಏಳುತ್ತಿತ್ತು. ಒಂದು ಕಿವಿ ಆಗಲೇ ಹೋಗಿತ್ತು. ಅಮ್ಮನ ಮುಖ ಕಣ್ಣು ಮುಚ್ಚಿದರೆ ನೆನಪಿಗೆ ಬರುತ್ತಿರಲಿಲ್ಲ. ಫೋಟೋ ನೋಡಿದರೆ ಮಾತ್ರ ಬರುತ್ತಿತ್ತು. ಇದೂ ಅಳಿಸಿಹೋದರೆ ಮುಗಿಯಿತು ಎಂಬ ಹೆದರಿಕೆಗೇ, ಸಂತ ಜೋವಾನರ ಹಬ್ಬ ಕಳೆದ ಮೇಲೆ "ಸತ್ತವರನ್ನೂ ಇದ್ದವರನ್ನೂ ದೊಡ್ಡದು ಮಾಡಿ ಬಣ್ಣ ಹಾಕಿಕೊಡ್ತೀನಿ" ಎಂದು ಕೂಗುತ್ತ ಬಂದ ಗುಮರ್ಸಿಂದೊನ ಕೈಗೆ ಅದನ್ನು ಕೊಟ್ಟಿದ್ದಳು.

"ಫೋಟೋ ಹಳೇದಾಗಿ ಕಪ್ಪಾಗಿತ್ತು," ಎಂದ ಅವನು. "ಸರಿಮಾಡಿದೀನಿ."

"ಫೋಟೋ ಹಳೇದಾಗಿ ಬೆಳ್ಳಗಾಗ್ತಾ ಇದೆ. ಕಪ್ಪಗಿದ್ದದ್ದು ನಮ್ಮಮ್ಮ."

ಪಕ್ಕದ ಮನೆಯ ವಲ್ಡೆಲೀಸ್ ಕೈಯಲ್ಲಿದ್ದ ಮೀನನ್ನೂ ಕೆಳಗಿಡದೆ ಬಂದು ಇಣುಕಿದಳು. ಅವಳ ಕಣ್ಣು ಪಟಕ್ಕಿಂತ ಮೊದಲು ಗುಮರ್ಸಿಂದೊನ ಚೀಲದ ಮೇಲೆ ಬಿತ್ತು. ಅಲ್ಲಿ ಮಾದರಿಗೆಂದು ಅಂಟಿಸಿದ್ದ ಚಿಕ್ಕ ಪಟದಲ್ಲಿ ಹಸಿರು ಕಣ್ಣಿನ ಗಂಡಸೊಬ್ಬ ಮೀಸೆ ತಿರುವಿ ನಿಂತಿದ್ದ.

"ಈ ಪೋರ್ಚುಗೀಸ್ ಧಣಿ ಯಾರಪ್ಪ?"

"ನಾನೇ."

ವಲ್ಡೆಲೀಸ್ ಗುಮರ್ಸಿಂದೊನ ಮುಖ ನೋಡಿದಳು. ಬೆವರಿನಲ್ಲಿ ಅದು ಹೊಸ ಬೂಟಿನ ಹಾಗೆ ಕರ್ರಗೆ ಹೊಳೆಯುತ್ತಿತ್ತು. "ಓಹೋ. ಧಣಿ ಮನೇಲಿ ತಂಪಾಗಿ ಕೂತ್ಕೊಂಡು ನಿನ್ನ ಬಿಸಿಲಿಗೆ ಕಳ್ಸವ್ರೆ."

ಅವನೂ ನಕ್ಕ. ಬಹಳ ಊರುಗಳಲ್ಲಿ ಕೇಳಿದ ಮಾತೇ ಇರಬೇಕು. ಮೆಟ್ಟಿಲ ಮೇಲೆ ಕೂತು ಟೋಪಿ ತೆಗೆದು ಗಾಳಿ ಹಾಕಿಕೊಂಡ.

"ನೋಡಿ ತಾಯಿ, ಈ ಕಸುಬು ಹಿಡಿದಾಗಿಂದ 'ನಮ್ಮನ್ನ ಕಪ್ಪಗೆ ಬರಿ' ಅಂತ ಒಬ್ಬರೂ ಹೇಳಿಲ್ಲ. ಧೈರ್ಯ ಇರೋರು 'ಸ್ವಲ್ಪ ತಿಳಿ ಮಾಡು' ಅಂತಾರೆ. ಕೆಲವರಿಗೆ ಬಾಯ್ಬಿಟ್ಟು ಕೇಳೋಕೆ ನಾಚಿಕೆ. ಪಾಪ, ಅವರು ಕೇಳೋ ಹಂಗಾಗಬಾರದು ಅಂತ ನಾನೇ ಮಾಡ್ಬಿಡ್ತೀನಿ. ನೀವು ನಾಚ್ಕೊಂಡಿದ್ದೀರಿ ಅಂದ್ಕೊಂಡೆ."

"ನಾನು ನಾಚ್ಕೊಂಡಿರಲಿಲ್ಲ."

"ಅದು ಈಗ ಗೊತ್ತಾಯ್ತು."

ಅಷ್ಟರಲ್ಲಿ ಇಸಾಲ್ಟಿನಾಳ ಮಗಳು ಜಸೀರಾ ಒಳಗಿನಿಂದ ಬಂದಳು. ಕಾದ ಕಬ್ಬಿಣದ ಬಾಚಣಿಗೆಯಿಂದ ಅರ್ಧ ತಲೆಯ ಗುಂಗುರು ಕೂದಲು ನೆಟ್ಟಗಾಗಿತ್ತು, ಇನ್ನರ್ಧ ಎದ್ದು ನಿಂತಿತ್ತು. ಪಟ ನೋಡಿದವಳೇ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡಳು.

"ಎಷ್ಟು ಚೆಂದ ಇದ್ದಾಳಮ್ಮ."

"ಚೆಂದ ಇದ್ದಾಳೆ. ನಿಮ್ಮಜ್ಜಿ ಅಲ್ಲ."

"ಭಾನುವಾರ ಯಾರು ಬರ್ತಿದಾರೆ ಅಂತ ಮರೆತ್ಯಾ?"

ಮರೆಯುವುದೆಲ್ಲಿ ಬಂತು. ಜಸೀರಾ ಮದುವೆಯಾಗಲಿದ್ದ ಎಡ್ವಾಲ್ಡೊನ ತಾಯಿ ಕ್ಲಿಮೇರಿಯಾ ಮೊದಲ ಸಲ ಊಟಕ್ಕೆ ಬರುವವಳಿದ್ದಳು. ಅವಳು ಪೌಡರ್ ಹಚ್ಚದೆ ಕಿಟಕಿಗೂ ಮುಖ ತೋರಿಸುವವಳಲ್ಲ ಎಂದು ಅವಳ ಊರು ಫೇರಾ ಪಟ್ಟಣದಿಂದ ಬಂದವರೆಲ್ಲ ಹೇಳಿದ್ದರು. ಹುಟ್ಟುವ ಮಕ್ಕಳು ಒಂದು ಬಣ್ಣವಾದರೂ ತಿಳಿಯಾಗಲಿ ಎಂದು ಸೊಸೆ ನೋಡುವುದು ಈ ಸೀಮೆಯಲ್ಲಿ ಯಾರೂ ಮುಚ್ಚಿಟ್ಟು ಮಾಡುವ ಕೆಲಸವಲ್ಲ. ಜಸೀರಾ ಮನೆಯಲ್ಲಿ ಎಲ್ಲರಿಗಿಂತ ಕಪ್ಪು. ತೀರಿಹೋದ ಅಪ್ಪ ಕಂದು, ಅಮ್ಮ ಕಡುಕಂದು, ಇವಳು ಅಜ್ಜಿಯ ಕಡೆ ವಾಲಿದವಳು.

"ಗೋಡೆ ಮೇಲಾದ್ರೂ ಒಬ್ಬರು ಬೆಳ್ಳಗಿರ್ಲಿ," ಎಂದಳು ಜಸೀರಾ, ನಗುತ್ತಲೇ. ಆದರೆ ಪಟವನ್ನು ಎದೆಗೆ ಅವುಚಿಕೊಂಡೇ ಇದ್ದಳು.

ಇಸಾಲ್ಟಿನಾ ಮಗಳ ಮುಖ ನೋಡಿ, ಪಟಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಹೊಳೆ ಕೆಳಗಿನ ಊರುಗಳಿಗೆ ಹೋಗಿ ಮಂಗಳವಾರ ಇದೇ ದಾರೀಲಿ ಬರ್ತೀನಿ," ಎಂದು ಗುಮರ್ಸಿಂದೊ ಎದ್ದ. "ಅಲ್ಲಿವರೆಗೆ ಇರ್ಲಿ ಬಿಡಿ. ಆಮೇಲೂ ಬೇಡ ಅನ್ನಿಸಿದ್ರೆ ನೋಡೋಣ." ಚಿಕ್ಕ ಫೋಟೋವನ್ನು ಜೇಬಿನಿಂದ ತೆಗೆದು ಜೋಪಾನವಾಗಿ ಇಸಾಲ್ಟಿನಾಳ ಅಂಗೈಯಲ್ಲಿ ಇಟ್ಟ.

ಭಾನುವಾರ ಬೆಳಿಗ್ಗೆ ಜಸೀರಾ ಮೊಳೆ ಹೊಡೆದಳು. ಊಟದ ಮೇಜಿನ ಎದುರು, ಬಂದವರ ಕಣ್ಣಿಗೆ ನೇರ ಬೀಳುವ ಹಾಗೆ. ಇಸಾಲ್ಟಿನಾ ತಾಳೆಎಣ್ಣೆ, ತೆಂಗಿನಹಾಲು ಹಾಕಿ ಮೀನು ಬೇಯಿಸಿದಳು. ಮರಗೆಣಸಿನ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದಳು. ಒಲೆಯ ಮುಂದೆ ನಿಂತಾಗಲೂ ಆ ನೀಲಿ ರೇಷ್ಮೆಯವಳು ಬೆನ್ನ ಹಿಂದೆ ಕೂತು, ಉಪ್ಪು ಸರಿಯಾಯಿತೇ ಎಂದು ವಿಚಾರಿಸುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು. ಸ್ವಂತ ಅಡಿಗೆಮನೆಯಲ್ಲಿ ಯಾರದೋ ಮನೆಯ ಆಳಿನ ಹಾಗೆ ನಡೆಯಬೇಕಾಯಿತಲ್ಲ ಎಂದು ಸಿಟ್ಟು ಬಂದು ಒಂದು ಹಿಡಿ ಮೆಣಸಿನಕಾಯಿ ಹೆಚ್ಚೇ ಹಾಕಿದಳು.

ಕ್ಲಿಮೇರಿಯಾ ಬಂದಳು. ಮೈತುಂಬಿದ ಹೆಂಗಸು, ಮುಖಕ್ಕೆ ಜನ ಹೇಳಿದ್ದಷ್ಟೂ ಪೌಡರ್. ಪೌಡರ್ ಮುಗಿದ ಕುತ್ತಿಗೆಯಲ್ಲಿ ಬೇರೊಂದು ಬಣ್ಣ ಶುರುವಾಗುತ್ತಿತ್ತು. ಜಸೀರಾಳ ಎರಡು ಕೆನ್ನೆಗೂ ಮುತ್ತು ಕೊಟ್ಟು, ಕುರ್ಚಿ ಎಳೆದು ಕೂತು, ಬೀಸಣಿಗೆ ಬಿಚ್ಚಿದಳು. ಎಡ್ವಾಲ್ಡೊ ಹುಡುಗಿಯ ಪಕ್ಕಕ್ಕೇ ಕೂತ. ತಟ್ಟೆಗಳು ಸುತ್ತಿದವು. ಎರಡನೇ ತುತ್ತಿಗೆ ಕ್ಲಿಮೇರಿಯಾಳ ಬೀಸಣಿಗೆ ನಿಂತಿತು.

ಇಸಾಲ್ಟಿನಾ ಮೆಣಸಿನಕಾಯಿಯ ನೆನಪಾಗಿ ನೀರಿನ ಹೂಜಿಗೆ ಕೈ ಹಾಕಿದಳು. ಆದರೆ ಬೀಗಿತ್ತಿ ನೋಡುತ್ತಿದ್ದದ್ದು ಗೋಡೆಯನ್ನು.

"ಇವರು ಇಲ್ಲಿಗೆ ಯಾವಾಗ ಬಂದ್ರು?" ಎಂದಳು ಕ್ಲಿಮೇರಿಯಾ.

"ಯಾರು?" ಎಂದಳು ಜಸೀರಾ.

"ಇವರೇ. ನಮ್ಮ ಮನೇಲಿದ್ದಾರೆ. ನಡುಮನೆ ಗೋಡೆ ಮೇಲೆ."

ಎಡ್ವಾಲ್ಡೊ ಕತ್ತು ಹೊರಳಿಸಿದ. ಅವನ ಚಮಚ ಬಾಯಿಯ ಹತ್ತಿರವೇ ಉಳಿಯಿತು. "ಅಮ್ಮ, ಅದೇ ಮುತ್ತಿನ ಸರ."

"ಸರ ಅಷ್ಟೇ ಏನೋ. ಅದೇ ನೀಲಿ, ಅದೇ ಕೆನ್ನೆ. ಅದೇ ಬಾಯಿ." ಕ್ಲಿಮೇರಿಯಾ ಎದ್ದು ಪಟದ ಹತ್ತಿರಕ್ಕೆ ಹೋದಳು. "ಇವರು ನಮ್ಮಜ್ಜಿ."

"ನಮ್ಮಮ್ಮ ಅಂದ್ಕೊಂಡಿದ್ವಿ," ಎಂದಳು ಇಸಾಲ್ಟಿನಾ.

ಜಸೀರಾ ತಲೆ ಬಗ್ಗಿಸಿ ತಟ್ಟೆಯ ಹುರಿಹಿಟ್ಟನ್ನು ಬೆರಳಿನಿಂದ ಗುಡ್ಡೆ ಮಾಡುತ್ತಿದ್ದಳು. ಹೊರಗೆ ವಲ್ಡೆಲೀಸಳ ಕೋಳಿಗಳು ಜಗಳವಾಡುತ್ತಿದ್ದವು.

"ಪಟ ಬರೆದವನ ಚೀಲದ ಮೇಲೆ ಹಸಿರು ಕಣ್ಣಿನವನು ಇದ್ನಾ?" ಎಂದು ಕೇಳಿದಳು ಕ್ಲಿಮೇರಿಯಾ.

"ಮೀಸೆ ತಿರುವ್ಕೊಂಡು."

ಅಷ್ಟೇ ಸಾಕಾಯಿತು. ನಗು ಕ್ಲಿಮೇರಿಯಾಳ ಹೊಟ್ಟೆಯಿಂದ ಎದ್ದಿತು. ಗೋಡೆ ಹಿಡಿದುಕೊಂಡು ನಕ್ಕಳು, ಮೇಜು ಹಿಡಿದುಕೊಂಡು ನಕ್ಕಳು. ಆ ಮೊದಲೇ ಖಾರಕ್ಕೆ ಬಂದಿದ್ದ ಕಣ್ಣೀರು ಈಗ ಪೌಡರಿನಲ್ಲಿ ಕಂದು ಗೆರೆಗಳನ್ನು ಎಳೆದು ಗಲ್ಲದವರೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಹಂಗಾದ್ರೆ ನಾವು ಒಂದೇ ಮನೆಯೋರು. ಮದುವೆ ಮಾಡೋ ಹಂಗೇ ಇಲ್ಲ. ಪಾದ್ರಿ ಒಪ್ಪಲ್ಲ."

"ಅಮ್ಮ," ಎಂದ ಎಡ್ವಾಲ್ಡೊ.

"ಸುಮ್ನಿರೋ. ಹೊಳೆಗುಂಟ ಎಲ್ಲರ ಗೋಡೆ ಮೇಲೂ ಇವಳೇ ಇರಬೇಕು. ಎಲ್ಲರನ್ನೂ ಇವಳೊಬ್ಬಳೇ ಹೆತ್ತಿರಬೇಕು." ಮತ್ತೆ ಕೂತು ನೀರು ಕುಡಿದಳು. ನಗು ಇಳಿದ ಮೇಲೆ ಅವಳ ದನಿಯೂ ಇಳಿಯಿತು. "ನಮ್ಮಜ್ಜಿ ಕರ್ರಗಿದ್ಲು. ನಮ್ಮ ತಾತ ಅವಳನ್ನ ಹೆಸರಿಟ್ಟು ಕರೆದಿದ್ದೇ ಇಲ್ಲ. 'ಹಾಲಿಲ್ಲದ ಕಾಫಿ, ಬಾ ಇಲ್ಲಿ' ಅಂತಿದ್ದ. ಪಟ ಬಂದ ಮೇಲೆ ಮನೇಲಿ ಅವಳು ಕರ್ರಗಿದ್ದ ಮಾತೇ ಹೋಯ್ತು. ನಿಮ್ಮಮ್ಮ ಹೆಂಗಿದ್ರು?"

ಇಸಾಲ್ಟಿನಾ ಸಂತ ಅಂತೋನಿಯ ಹಿಂದಿನಿಂದ ಚಿಕ್ಕ ಫೋಟೋ ತಂದು ಅವಳ ಕೈಯಲ್ಲಿಟ್ಟಳು. ಕ್ಲಿಮೇರಿಯಾ ಅದನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಕಿಟಕಿಯ ಕಡೆ ತಿರುಗಿಸಿದಳು. ಆಮೇಲೆ ಫೋಟೋದಿಂದ ಜಸೀರಾಳ ಮುಖಕ್ಕೂ ಅಲ್ಲಿಂದ ಫೋಟೋಕ್ಕೂ ನೋಡಿದಳು.

"ಮೂಗು ಇಲ್ಲಿಂದ ಬಂದಿದೆ."

"ಅಯ್ಯೋ, ಆ ಮೂಗಿನ ಕಥೆ ಕೇಳಬೇಡಿ," ಎಂದಳು ಇಸಾಲ್ಟಿನಾ. "ಮಗುವಾಗಿದ್ದಾಗ ದಿನಾ ಎಣ್ಣೆ ಹಚ್ಚಿ ತೀಡ್ತಿದ್ದೆ, ಚೂಪಾಗ್ಲಿ ಅಂತ. ಕೈ ಬಿಟ್ಟ ಕೂಡಲೇ ಮತ್ತೆ ಅರಳ್ಕೊಂತಿತ್ತು. ಹಠಮಾರಿ ಮೂಗು."

"ನಾನೂ ಇವನಿಗೆ ತೀಡಿದ್ದೆ. ನೋಡಿ, ಏನಾದ್ರೂ ಉಪಯೋಗ ಆಗಿದ್ಯಾ?"

ಎಡ್ವಾಲ್ಡೊ ಮೂಗು ಮುಚ್ಚಿಕೊಂಡ. ಜಸೀರಾ ಮೊದಲ ಬಾರಿಗೆ ತಲೆ ಎತ್ತಿದಳು.

"ಕೊಡಿ ಇಲ್ಲಿ," ಎಂದಳು. ಆ ಫೋಟೋ ಅವಳು ಹುಟ್ಟಿದಾಗಿನಿಂದ ಮನೆಯಲ್ಲಿತ್ತು. ಅವಳು ಧೂಳು ಒರೆಸುವಾಗ ಎತ್ತಿಟ್ಟಿದ್ದಳೇ ಹೊರತು ನೋಡಿರಲಿಲ್ಲ. ಕಾಫಿ ಬಂದರೂ ಅದನ್ನು ಕೆಳಗಿಡಲಿಲ್ಲ.

ಮಂಗಳವಾರ ಗುಮರ್ಸಿಂದೊ ಬಂದಾಗ ಬೀದಿಗೆ ಬೀದಿಯೇ ಅವನಿಗಾಗಿ ಕಾಯುತ್ತಿತ್ತು. "ಎಲ್ಲರ ಅಜ್ಜಿಯ ಮೊಮ್ಮಗ ಬಂದ," ಎಂದು ವಲ್ಡೆಲೀಸ್ ಕೂಗಿದಳು. ಅವನು ಓಡಿಹೋಗುವವನಲ್ಲ. ಜಗಲಿಯ ಮೇಲೆ ಕೂತು, ಮೇಜು ಕೇಳಿ, ಗಾಜು ಬಿಚ್ಚಿ, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿದ.

"ಕೆಳಗೆ ಫೋಟೋ ಹಂಗೇ ಇರುತ್ತೆ ತಾಯಿ. ನಾನು ಮೇಲೆ ಮೇಲೆ ಬಳಿಯೋನು."

ಮೊದಲು ಅಲೆಕೂದಲು ಹೋಯಿತು. ಅದರಡಿಯಿಂದ ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ ಕಾಣಿಸಿತು. ಗುಲಾಬಿ ಹತ್ತಿಗೆ ಬಂತು. ಹಣೆ, ಕೆನ್ನೆ, ಆಮೇಲೆ ಅಗಲವಾಗಿ ಕೂತ ಮೂಗು, ತುಂಬು ತುಟಿ. ಒಂದು ಹುಬ್ಬು ಸ್ವಲ್ಪ ಮೇಲೆದ್ದಿತ್ತು, ಇನ್ನೂ ಎಷ್ಟು ಹೊತ್ತು ನಿಲ್ಲಬೇಕಯ್ಯ ಎಂದು ಫೋಟೋ ತೆಗೆಯುವವನನ್ನು ಕೇಳುತ್ತಿರುವಂತೆ. ಹೆಬ್ಬೆರಳಿನ ಗಾತ್ರದಲ್ಲಿ ಆ ಹುಬ್ಬು ಯಾರಿಗೂ ಕಂಡಿರಲಿಲ್ಲ. ಇಸಾಲ್ಟಿನಾ ಬಾಗಿಲ ಕಂಬಕ್ಕೆ ಒರಗಿದಳು.

ಹತ್ತಿ ಕೊರಳಿಗೆ ಇಳಿಯಿತು.

"ತಡಿ," ಎಂದಳು. "ಸರ ಇರ್ಲಿ."

"ನಿಮ್ಮಮ್ಮ ಇಂಥದ್ದು ಹಾಕ್ಕೊಂತಿರ್ಲಿಲ್ಲ ಅಲ್ವಾ?"

"ಅವಳಿಗೆ ಯಾರು ಕೊಡ್ಸಿದ್ರು? ಇರ್ಲಿ ಅದು."

ಗುಮರ್ಸಿಂದೊ ತಲೆಯಾಡಿಸಿ, ಬಣ್ಣದ ಪೆಟ್ಟಿಗೆ ತೆರೆದ. ಗುಲಾಬಿ, ಬಿಳಿ, ನೀಲಿಯ ಕೊಳವೆಗಳು ಹಿಂಡಿ ಹಿಂಡಿ ಚಪ್ಪಟೆಯಾಗಿದ್ದವು. ಕಂದಿನದು ಮಾತ್ರ ತುಂಬಿಕೊಂಡಿತ್ತು. ಅದರ ಮುಚ್ಚಳ ಹಿಡಿದುಕೊಂಡುಬಿಟ್ಟಿತ್ತು. ಹಲ್ಲಿನಿಂದ ಕಚ್ಚಿ ತಿರುಗಿಸಿದ.

"ಈಗ ಬಣ್ಣ ಹೇಳಿ. ಕಪ್ಪುಬಿಳುಪು ಫೋಟೋದಲ್ಲಿ ಅದೊಂದು ಗೊತ್ತಾಗಲ್ಲ. ದಾಲ್ಚಿನ್ನಿನಾ, ಜೇನುತುಪ್ಪನಾ? ಹುರಿದ ಗೋಧಿನಾ?"

ಇಸಾಲ್ಟಿನಾ ಕಣ್ಣು ಮುಚ್ಚಿ ನೋಡಿದಳು. ನೆನಪಿನಲ್ಲಿ ಬೆಚ್ಚಗಿನ ಒಂದು ಮಡಿಲಿತ್ತು, ಹೊಗೆಸೊಪ್ಪಿನ ವಾಸನೆಯಿತ್ತು. ಬಣ್ಣಕ್ಕೆ ಅವನು ಹೇಳಿದ ಯಾವ ಹೆಸರೂ ಕೂಡಿಬರಲಿಲ್ಲ.

ಒಳಗಿನಿಂದ ಬಂದ ಜಸೀರಾಳ ಕೂದಲು ಈ ದಿನ ಪೂರ್ತಿ ಎದ್ದು ನಿಂತಿತ್ತು. ಅವಳು ತೋಳು ಮಡಚಿ, ಮುಂಗೈಯನ್ನು ಮೇಜಿನ ಮೇಲೆ, ಪಟದ ಪಕ್ಕಕ್ಕೆ ಇಟ್ಟಳು.

"ಇದನ್ನ ನೋಡ್ಕೊಂಡು ಬರಿ."

ಗುಮರ್ಸಿಂದೊ ಕಂದಿಗೆ ಅಭ್ಯಾಸಬಲದಿಂದ ಬಿಳಿ ಬೆರೆಸಿ, ಬೆರಳ ತುದಿಯಲ್ಲಿ ತೆಗೆದು ಅವಳ ಮಣಿಕಟ್ಟಿನ ಮೇಲೆ ಒಂದು ಬೊಟ್ಟು ಇಟ್ಟ. ಅದು ಹಾಲು ಚೆಲ್ಲಿದ ಹಾಗೆ ಕಂಡಿತು.

"ಇನ್ನೂ," ಎಂದಳು ಜಸೀರಾ.

ಅವನು ಮತ್ತಷ್ಟು ಕಂದು ಹಿಂಡಿದ. ಎರಡನೇ ಬೊಟ್ಟು ಮೊದಲಿನದಕ್ಕಿಂತ ಮಾಸಲಾಗಿತ್ತು.

"ಇನ್ನೂ."

ಅವನು ಪೆಟ್ಟಿಗೆಯ ಮೂಲೆಯಿಂದ ಕಪ್ಪನ್ನೂ ತೆಗೆದು, ತಲೆ ಒಂದು ಕಡೆ ವಾಲಿಸಿ, ತುಂಬ ಹೊತ್ತು ಕಲಸಿದ. ಮೂರನೇ ಬೊಟ್ಟು ಇಟ್ಟು ಬೆರಳು ಎತ್ತಿದಾಗ ಎಲ್ಲರೂ ಬಗ್ಗಿ ನೋಡಿದರು. ಎಲ್ಲಿಟ್ಟನೆಂದು ಯಾರಿಗೂ ಕಾಣಲಿಲ್ಲ.