ಗ್ರೈಂಡರ್ ಸದ್ದಿನ ಮೇಲೆ ಹಾಡಿದವನು

ನಮ್ಮ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು ತಯಾರಾಗುತ್ತವೆ. ಅಲ್ಲಿ ಮಾತಾಡುವುದೆಂದರೆ ಅರಚುವುದು. ಹಿಂದಿನ ಗೋಡೆಗೆ ಒರಗಿಸಿಟ್ಟ ತುಕ್ಕು ಪೈಪಿನೊಳಗೆ ಒಂದು ಹಕ್ಕಿ ಸಂಸಾರ ಹೂಡಿತ್ತು. ಕರಿ ತಲೆ, ಬಿಳಿ ಕೆನ್ನೆ, ಮುಷ್ಟಿಯಲ್ಲಿ ಹಿಡಿಸುವಷ್ಟು ಮೈ. ದಿನವಿಡೀ ಬಾಯಿ ಮುಚ್ಚದ ಗಂಡಿಗೆ ನಾವು ಚಿಕ್ಕ ಮೇಸ್ತ್ರಿ ಎಂದು ಹೆಸರಿಟ್ಟಿದ್ದೆವು. ದೊಡ್ಡ ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ.

ನನ್ನ ಅಕ್ಕ ಯೂನಿವರ್ಸಿಟಿಯಲ್ಲಿ ಹಕ್ಕಿಗಳ ಬಗ್ಗೆ ಡಾಕ್ಟರೇಟ್‌ಗೆ ಓದುತ್ತಿದ್ದಾಳೆ. ನಾನು ಶಾಲೆಗೆ ಬೆನ್ನು ಹಾಕಿ ವೆಲ್ಡಿಂಗ್ ಹಿಡಿದವನು. ಅವಳನ್ನು ಕಂಡು ಯಾರಾದರೂ ತುಟಿ ಕೊಂಕಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಶೆಡ್ಡಿಗೆ ರಜೆಯಿದ್ದ ದಿನ ಬಂದು ಚಿಕ್ಕ ಮೇಸ್ತ್ರಿಯ ಹಾಡನ್ನು ರೆಕಾರ್ಡ್ ಮಾಡಿಕೊಂಡಿದ್ದಳು. "ನಾಳೆ ಇನ್ನೊಂದು ಸಲ ಬರ್ತೀನಿ. ಮರಿಗಳ ರೆಕ್ಕೆ ಬಲಿತಿದೆ. ಅವು ಹಾರಿದ್ರೆ ಇವನೂ ಜಾಗ ಖಾಲಿ ಮಾಡ್ತಾನೆ, ನನ್ನ ವರ್ಷದ ಕೆಲಸ ಮಣ್ಣುಪಾಲು" ಎಂದಳು.

ಮರುದಿನ ಅವಳು ಬರುವ ಹೊತ್ತಿಗೆ ಮೈನ್ ಸ್ವಿಚ್ಚನ್ನೇ ಕೆಳಗೆಳೆದೆ.

"ಯಾವನೋ ಕರೆಂಟ್ ತೆಗ್ದಿದ್ದು?" ಮೇಸ್ತ್ರಿ ಗುಡುಗಿದ.

"ನಾನೇ. ಅಕ್ಕನ ರೆಕಾರ್ಡಿಂಗ್ ಮುಗಿಯೋವರೆಗೂ ಒಂದು ಮಿಷಿನ್ನೂ ತಿರುಗ್ಬಾರ್ದು."

"ಹಕ್ಕಿ ಕೂಗೋದು ಕೇಳೋಕೂ ಒಂದು ಓದು! ನಾಳೆ ಬೆಕ್ಕು ಮಿಯಾಂವ್ ಅನ್ನೋದಕ್ಕೂ ಡಾಕ್ಟರ್ ಆಗ್ತಾಳೆ ಬಿಡು."

"ಆಗ್ತಾಳೆ. ಆಗ ನಿಮ್ಮ ಗೊರಕೆನೂ ತೋರಿಸ್ಕೊಳ್ಳಿ."

ಎಲ್ಲರೂ ಗೊಳ್ಳೆಂದರು. ಮೇಸ್ತ್ರಿಯ ಮುಖ ಕೆಂಡವಾಯಿತು. "ಸ್ವಿಚ್ ಹಾಕು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ಹಾಕಲ್ಲ." ಸ್ವಿಚ್ಚಿಗೆ ಅಡ್ಡ ನಿಂತೆ.

ಅಷ್ಟರಲ್ಲಿ ಮೈಕು ಹಿಡಿದು ಅಕ್ಕ ಒಳಗೆ ಬಂದಳು. "ಏನೋ ಇದು, ಸ್ಮಶಾನದ ಥರ?"

"ನಿನಗೋಸ್ಕರ ನಿಲ್ಲಿಸಿದೀನಿ ಅಕ್ಕಾ."

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಹುಚ್ಚಪ್ಪಾ! ಸದ್ದಿಲ್ಲದ ಹಾಡು ರಜೆ ದಿನವೇ ಸಿಕ್ತಲ್ಲೋ. ಈಗ ಬೇಕಾಗಿರೋದು ಗದ್ದಲ!"

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅಕ್ಕ ಎಲ್ಲರಿಗೂ ಬಿಡಿಸಿ ಹೇಳಿದಳು. "ಕಾಡಲ್ಲಿರೋ ಇವನ ಬಳಗದವರು ದಪ್ಪ ದನಿಯಲ್ಲಿ ಹಾಡ್ತಾರೆ. ಇಲ್ಲಿ ಹಾಗೆ ಹಾಡಿದ್ರೆ ನಿಮ್ಮ ಮಿಷಿನ್ ನುಂಗಿಬಿಡತ್ತೆ. ಹೆಣ್ಣಿಗೆ ಕೇಳಿಸದವನಿಗೆ ಸಂಸಾರ ಎಲ್ಲಿಂದ ಬರ್ಬೇಕು? ಇಲ್ಲಿಯವರ ದನಿ ಸಣ್ಣ, ಮೇಲಿನ ಶ್ರುತಿ; ಗದ್ದಲ ದಾಟಿ ಕೇಳಿಸತ್ತೆ. ಅದು ತಲೆಮಾರುಗಳಿಂದ ಹಾಗಾಗ್ತಾ ಬಂತೋ, ಗದ್ದಲ ಕೇಳಿದಾಗ ಇವನೇ ಶ್ರುತಿ ಏರಿಸ್ತಾನೋ? ಒಬ್ಬನನ್ನೇ ಎರಡೂ ಹೊತ್ತಲ್ಲಿ ಕೇಳಿದ್ರೆ ತಾನೇ ಗೊತ್ತಾಗೋದು!"

"ಅಂದ್ರೆ ನಮ್ಮ ಸದ್ದು ಬೇಕಾ?" ಮೇಸ್ತ್ರಿ ಕೇಳಿದ.

"ಎಷ್ಟಿದ್ರೆ ಅಷ್ಟು, ಅಣ್ಣಾ."

ಮೇಸ್ತ್ರಿ ಎದೆ ಸೆಟೆಸಿದ. "ಏಯ್, ಎಲ್ಲಾ ಹಾಕ್ರೋ! ಆ ಕಿರುಚೋ ಡ್ರಿಲ್ಲೂ ಹಾಕಿ! ನೀನೇನೋ ಬಾಯಿ ಬಿಟ್ಕೊಂಡು ನೋಡ್ತೀಯ, ಮೈನ್ ಎತ್ತು!"

ಕೈಗೆ ಸಿಕ್ಕ ಗುಜರಿ ಕಬ್ಬಿಣಕ್ಕೆ ಗ್ರೈಂಡರ್ ಒತ್ತಿದೆ. ನನ್ನ ಸಿಟ್ಟೆಲ್ಲ ಕಿಡಿಯಾಗಿ ಹಾರಿತು. ಚಿಕ್ಕ ಮೇಸ್ತ್ರಿ ಪೈಪಿನ ತುದಿಗೆ ಬಂದು ಕುತ್ತಿಗೆ ಚಾಚಿದ. ಅಷ್ಟು ಗದ್ದಲದ ಮೇಲೂ ತಂತಿಯಂಥ ಸಣ್ಣ, ಚೂಪು ದನಿ ತೇಲಿ ಬಂತು.

"ಏರಿಸ್ದ ಕಣೋ!" ಅಕ್ಕನ ತುಟಿ ನೋಡಿಯೇ ತಿಳಿದುಕೊಂಡೆ. ಅವಳು ಹೆಡ್‌ಫೋನನ್ನು ಮೇಸ್ತ್ರಿಯ ಕಿವಿಗಿಟ್ಟಳು. ತನ್ನ ಗಂಟಲಿನ ಅಂದಾಜು ಸಿಗದ ಮೇಸ್ತ್ರಿ ಶೆಡ್ಡು ಹಾರಿಹೋಗುವಂತೆ ಕೂಗಿದ: "ಇವನು ನಮ್ಮವನೇ! ನಮ್ಮ ಶೆಡ್ಡಿನವನೇ!"

ಅದೂ ರೆಕಾರ್ಡ್ ಆಗಿದೆ. ಅಕ್ಕ ಅಳಿಸಿಲ್ಲ. ನಾಳೆ ಯೂನಿವರ್ಸಿಟಿಯ ದೊಡ್ಡವರ ಮುಂದೆ ಅವಳು ಇದನ್ನು ಕೇಳಿಸುತ್ತಾಳೆ. ಹಕ್ಕಿಯ ಹಿಂದೆ ಕಿರ್ರೆನ್ನುವುದು ನನ್ನ ಗ್ರೈಂಡರ್. ತುಟಿ ಕೊಂಕಿಸುವವರು ಕಿವಿ ತೆರೆದು ಕೇಳಲಿ.